ಯಾತ್ರೆಯ ಚೀಲದಲ್ಲಿ ಹೊಟ್ಟೆಗೂ ಇರಲಿ ಜಾಗ

ಪವಿತ್ರ ನಾಡಿನ ಯಾತ್ರೆಗೆ ಹೊರಡುವ ನಮ್ಮ ಕುಟುಂಬಗಳಲ್ಲಿ ತಿಂಗಳುಗಟ್ಟಲೆ ಸಿದ್ಧತೆ ನಡೆಯುತ್ತದೆ. ಪಾಸ್‌ಪೋರ್ಟ್, ಜಪಮಾಲೆ, ಬೆಚ್ಚನೆಯ ಉಡುಪು, ನೆಂಟರಿಷ್ಟರ ಪ್ರಾರ್ಥನಾ ಕೋರಿಕೆಗಳ ಚೀಟಿ ಎಲ್ಲವೂ ಚೀಲ ಸೇರುತ್ತವೆ. ಹೊಟ್ಟೆಯ ವಿಚಾರ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡವು ಕೈರೋದಿಂದ ಸಿನಾಯ್ ಬೆಟ್ಟದತ್ತ ಹೊರಟಿತ್ತು. ಹಿರಿಯ ತಾಯಿಯೊಬ್ಬರಿಗೆ ಹಿಂದಿನ ರಾತ್ರಿಯಿಂದಲೇ ಭೇದಿ. ಬಸ್ಸು ನಿಲ್ಲಿಸಿರೆಂದು ಹೇಳಲು ಸಂಕೋಚ. ಆದ್ದರಿಂದ ನೀರನ್ನೇ ಕುಡಿಯದೆ ಕುಳಿತರು. ನಾನು ವಿಚಾರಿಸಿದಾಗ, "ದೇವರ ಬೆಟ್ಟಕ್ಕೆ ಹೊರಟವರನ್ನು ದೇವರೇ ಕಾಯುತ್ತಾನೆ ಮಗಾ" ಎಂದರು. ಸಂಜೆಯ ಹೊತ್ತಿಗೆ ಎದ್ದು ನಿಲ್ಲಲಾರದೆ ಕುಸಿದರು. ಸಕಾಲಕ್ಕೆ ವೈದ್ಯರು ದೊರೆತುದರಿಂದ ಉಳಿದರು; ಬಯಸಿ ಬಂದ ಬೆಟ್ಟವನ್ನು ಮಾತ್ರ ಏರಲಾಗಲಿಲ್ಲ.

ಆ ತಾಯಿಯ ವಿಶ್ವಾಸ ದೊಡ್ಡದು. ಆದರೆ ಎಚ್ಚರಿಕೆಯನ್ನು ಕೈಬಿಡುವುದು ವಿಶ್ವಾಸದ ಲಕ್ಷಣವಲ್ಲ. ದೇವಾಲಯದ ಶಿಖರದಿಂದ ಧುಮುಕೆಂದ ಶೋಧಕನಿಗೆ ಯೇಸುಸ್ವಾಮಿ ಮಣಿಯಲಿಲ್ಲ. ಸಂತ ಪೌಲರೂ ತಿಮೊಥೇಯನ ಹೊಟ್ಟೆಯ ಆರೋಗ್ಯದ ಬಗ್ಗೆ ಪತ್ರದಲ್ಲಿ ಕಾಳಜಿ ತೋರಿದವರೇ.

"ನಮ್ಮೂರಿನ ನೀರು ಕುಡಿದ ಹೊಟ್ಟೆಗೆ ಎಲ್ಲಿಯೂ ಏನೂ ಆಗದು" ಎಂಬ ಮಾತಿನಲ್ಲಿ ಇರುವುದು ಅರೆಸತ್ಯ. ಪರಿಚಿತ ರೋಗಾಣುಗಳ ವಿರುದ್ಧ ದೇಹಕ್ಕೆ ಒಂದಿಷ್ಟು ರಕ್ಷಣೆ ಇರಬಹುದು. ಅದು ಸಂಪೂರ್ಣವೂ ಅಲ್ಲ, ಶಾಶ್ವತವೂ ಅಲ್ಲ. ಪ್ರವಾಸಿಗರ ಭೇದಿಗೆ ಹೆಚ್ಚಾಗಿ ಕಾರಣವಾಗುವುದು ಇ-ಕೊಲೈ ಮೊದಲಾದ ಬ್ಯಾಕ್ಟೀರಿಯಾಗಳು. ಕಲುಷಿತ ನೀರು, ಆಹಾರ ಹಾಗೂ ಕೈಗಳ ಮೂಲಕ ಅವು ಒಳಸೇರುತ್ತವೆ.

ಆದ್ದರಿಂದ ಈಜಿಪ್ಟಿನಂಥ ದೇಶಗಳಲ್ಲಿ ಮುಚ್ಚಳ ಭದ್ರವಾಗಿರುವ ಬಾಟಲಿಯ ನೀರನ್ನೋ ಕುದಿಸಿದ ನೀರನ್ನೋ ಮಾತ್ರ ಕುಡಿಯಬೇಕು. ಹಲ್ಲುಜ್ಜಲೂ ಅದೇ ನೀರು. ಬಾಟಲಿಯ ನೀರು ಕುಡಿದು, ಪಾನೀಯಕ್ಕೆ ಐಸ್ ಹಾಕಿಸಿಕೊಂಡರೆ ಏನು ಫಲ? ಹೋಟೆಲಿನ ಸಾಲು ಪಾತ್ರೆಗಳಲ್ಲಿ ಹಬೆಯಾಡುವ ಅಡುಗೆಯನ್ನು ಆರಿಸಿಕೊಳ್ಳಿ. ಹಸಿ ಸಲಾಡ್ ಮತ್ತು ಹೆಚ್ಚಿಟ್ಟ ಹಣ್ಣುಗಳನ್ನು ಬಿಡಿ. ನೀವೇ ಸಿಪ್ಪೆ ಸುಲಿಯುವ ಬಾಳೆಹಣ್ಣು, ಕಿತ್ತಳೆ ಲೇಸು. ಸಾಬೂನಿನಿಂದ ಕೈ ತೊಳೆಯಿರಿ. ವಾಂತಿಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗದು.

ಇಷ್ಟಾದರೂ ಕಾಯಿಲೆ ಬರಬಹುದು. ಆಗ ಮೊದಲು ಬೇಕಾದುದು ಓ.ಆರ್.ಎಸ್. 1971ರಲ್ಲಿ ಪೂರ್ವ ಪಾಕಿಸ್ತಾನದ ನಿರಾಶ್ರಿತರಿಂದ ತುಂಬಿದ್ದ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ನರಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು. ಈ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಬೇಕು. ಒಂದು ಲೀಟರಿನದನ್ನು ಒಂದು ಲೋಟಕ್ಕೆ ಸುರಿದರೆ ಅಪಾಯ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು.

ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ವೈದ್ಯರನ್ನು ಕಾಣಬೇಕು. ಆ್ಯಂಟಿಬಯಾಟಿಕ್‌ಗಳನ್ನು ಮನಬಂದಂತೆ ಹಂಚಿಕೊಳ್ಳುವುದು ಸಲ್ಲದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ತಮ್ಮ ಮಾತ್ರೆಗಳ ವಿಚಾರವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಲಿ.

ಯಾತ್ರೆಯನ್ನು ಏರ್ಪಡಿಸುವವರಿಗೂ ಒಂದು ಮಾತು. ಪೂರ್ವಭಾವಿ ಸಭೆಯಲ್ಲಿ ಪೂಜೆಯ ವೇಳೆ, ವಿಮಾನದ ವೇಳೆಗಳ ಜೊತೆಗೆ ಈ ಸಂಗತಿಗಳನ್ನೂ ತಿಳಿಸಿ. ಪ್ರತಿಯೊಬ್ಬರ ಕೈಗೂ ಓ.ಆರ್.ಎಸ್. ಪೊಟ್ಟಣ ಕೊಡಿ. ಮುಖ್ಯವಾಗಿ, ಬಸ್ಸು ನಿಲ್ಲಿಸಿರೆಂದು ಕೇಳುವುದು ನಾಚಿಕೆಯ ವಿಷಯವಲ್ಲವೆಂದು ಮೊದಲ ದಿನವೇ ಹೇಳಿಬಿಡಿ.

ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ಆ ಸಮಾರಿಯದವನು ಗಾಯಾಳುವಿಗಾಗಿ ತನ್ನ ಪ್ರಯಾಣವನ್ನೇ ನಿಲ್ಲಿಸಿದ. ಆ ದಾರಿಯನ್ನು ಕಾಣಲೆಂದು ಸಾಲ ಮಾಡಿಯಾದರೂ ಹೋಗುವ ನಾವು, ಪಕ್ಕದ ಆಸನದ ತಾಯಿಗಾಗಿ ಹತ್ತು ನಿಮಿಷ ನಿಲ್ಲಲಾರೆವೇ?