ಹತ್ತು ವರ್ಷದ ದುಡಿಮೆ, ಅನುಭವ ಸೊನ್ನೆ!

ಈಚೆಗೆ ನಮ್ಮ ಕಾರ್ಯಾಲಯಕ್ಕೆ ಒಬ್ಬ ಹುಡುಗ ಬಂದಿದ್ದ. ಬಿ.ಕಾಂ. ಕೊನೆಯ ವರ್ಷ. ತಂದೆಗೆ ಗಿರಣಿಯಲ್ಲಿ ರಾತ್ರಿ ಪಾಳಿ; ತಾಯಿ ಮನೆಯ ಮುಂದೆ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಐ.ಐ.ಎಂ.ಗಳ ಪ್ರವೇಶಕ್ಕಾಗಿ ನಡೆಯುವ 'ಕ್ಯಾಟ್' ಪರೀಕ್ಷೆಯ ಅರ್ಜಿ ತುಂಬುತ್ತ ಒಂದು ಕಡೆ ನಿಂತುಬಿಟ್ಟ. ಕೆಲಸದ ಅನುಭವ ಎಷ್ಟು ತಿಂಗಳು ಎಂದು ಅಲ್ಲಿ ಕೇಳಿತ್ತು. "ಏನು ಬರೀಲಿ ಮೇಷ್ಟ್ರೇ?" ಎಂದ. ನಿಯಮ ಓದಿ ನೋಡಿದೆವು. ಪದವಿ ಮುಗಿದ ಮೇಲಿನ, ಪೂರ್ಣಾವಧಿಯ, ಕಾಗದಪತ್ರವಿರುವ ಕೆಲಸಕ್ಕೆ ಮಾತ್ರ ಲೆಕ್ಕವಂತೆ. ಹನ್ನೊಂದನೆಯ ವಯಸ್ಸಿನಿಂದ ತಕ್ಕಡಿ ಹಿಡಿದ ಕೈಯಿಂದಲೇ ಸೊನ್ನೆ ಎಂದು ಬರೆಸಿದೆವು. ಆ ಸೊನ್ನೆಯ ಬಗ್ಗೆ ನಾಲ್ಕು ಮಾತು ಆಡದೆ ಸುಮ್ಮನಿರಲಾರೆವು.

ಈ ಸಂಸ್ಥೆಗಳು ಯಾರ ಸ್ವತ್ತು? ಮೊದಲ ಎರಡನ್ನು 1961ರಲ್ಲಿ ಕಲ್ಕತ್ತೆಯಲ್ಲೂ ಅಹಮದಾಬಾದಿನಲ್ಲೂ ಸರ್ಕಾರ ಆರಂಭಿಸಿತು. 1973ರಲ್ಲಿ ಬೆಂಗಳೂರಿಗೂ ಒಂದು ಬಂತು. ಅದಕ್ಕೆ ನಮ್ಮ ರಾಜ್ಯ ಸರ್ಕಾರ 100 ಎಕರೆ ಜಮೀನನ್ನು ಉಚಿತವಾಗಿ ಕೊಟ್ಟಿತು. ಇವು ಯಾವ ಸಾಹುಕಾರನ ಖಾಸಗಿ ಶಾಲೆಯೂ ಅಲ್ಲ. ಬೆಂಕಿಪೊಟ್ಟಣ ಕೊಂಡ ಕೂಲಿಯವನ ತೆರಿಗೆಯೂ ಆ ಕಟ್ಟಡಗಳಲ್ಲಿದೆ. ಆದ್ದರಿಂದ ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್ ಅಂಕವೊಂದನ್ನೇ ನೋಡುವುದಿಲ್ಲ. ಬೆಂಗಳೂರಿನ ಸಂಸ್ಥೆ ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ, ಪದವಿ, ಈ ಮೂರರ ಅಂಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕೆಲಸದ ಅನುಭವಕ್ಕೂ ಅಂಕ ಕೊಡುತ್ತದೆ. ಮೇಲ್ನೋಟಕ್ಕೆ ಎಷ್ಟು ನಿಷ್ಪಕ್ಷಪಾತ! ಆದರೆ ದುಡಿಯುವವರ ಮನೆಯ ಮಗುವಿಗೆ ಇದರಲ್ಲಿ ಬೀಳುವುದು ಎರಡು ಪೆಟ್ಟು. ಹತ್ತನೆಯ ತರಗತಿಯ ಪರೀಕ್ಷೆಯ ಹಿಂದಿನ ಸಂಜೆಯೂ ಆತ ಅಂಗಡಿಯಲ್ಲಿ ಕೂತಿದ್ದ. ಹಾಗಾಗಿ ಅಂಕ ಕಡಿಮೆಯಾಯಿತು. ಅಂದರೆ ದುಡಿಮೆ ಅಂಕವನ್ನು ತಿಂದಿತು. ಈಗ ಕಳೆದುಹೋದ ಅಂಕಕ್ಕೆ ಲೆಕ್ಕವಿದೆ, ಅಂಕವನ್ನು ತಿಂದ ದುಡಿಮೆಗೆ ಲೆಕ್ಕವಿಲ್ಲ! ಇದು ಯಾವ ಊರಿನ ತಕ್ಕಡಿ? ನಮ್ಮ ಸಂತೆಯಲ್ಲಿ ಇಂಥ ತಕ್ಕಡಿ ಹಿಡಿದವನನ್ನು ಜನ ಬಿಡುತ್ತಾರೆಯೇ?

ನಿರ್ವಹಣಾಶಾಸ್ತ್ರವನ್ನು ಬರಿಯ ಪುಸ್ತಕದಿಂದ ಕಲಿಯಲಾಗದು, ದುಡಿದವರು ತರಗತಿಯಲ್ಲಿದ್ದರೆ ಚರ್ಚೆಗೆ ಬೆಲೆ ಎಂದು ಪಂಡಿತರು ಹೇಳುತ್ತಾರೆ. ಒಪ್ಪುತ್ತೇವೆ. ಆ ಮಾತನ್ನೇ ಪೂರ್ತಿಯಾಗಿ ನಡೆಸಿ ಎನ್ನುತ್ತೇವೆ. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಕೊಡಬಾರದು, ಕೊಟ್ಟದ್ದನ್ನು ಮುಖ ಕೆಡಿಸದೆ ವಸೂಲು ಮಾಡುವುದು ಹೇಗೆ, ಮಂಡಿಯಲ್ಲಿ ಬೆಳಿಗ್ಗೆ ಏರಿದ ದರ ಸಂಜೆಗೆ ಇಳಿದರೆ ದಾಸ್ತಾನನ್ನು ಏನು ಮಾಡಬೇಕು, ಪಕ್ಕದಲ್ಲಿ ದೊಡ್ಡ ಕಂಪನಿಯ ಅಂಗಡಿ ತೆರೆದ ದಿನ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೇಗೆ? ಇದೆಲ್ಲ ನಿರ್ವಹಣೆಯಲ್ಲದೆ ಮತ್ತೇನು? ಹವಾನಿಯಂತ್ರಿತ ಕೋಣೆಯಲ್ಲಿ ಎರಡು ವರ್ಷ ಕೂತು ಬಂದರೆ ಅನುಭವ, ಅಂಗಡಿಯ ಕಟ್ಟೆಯ ಮೇಲೆ ಹತ್ತು ವರ್ಷ ಕೂತರೆ ಸೊನ್ನೆಯೇ?

"ಎರಡು ವರ್ಷ ಕೆಲಸ ಮಾಡಿ ಬಾ" ಎಂಬ ಉಪದೇಶವೂ ಉಂಟು. ಯಾರ ಕಾಲೇಜಿಗೆ ಕಂಪನಿಗಳು ತಾವಾಗಿ ಬಂದು ಹುಡುಗರನ್ನು ಆರಿಸುತ್ತವೆಯೋ ಅವರಿಗೆ ಅದು ಸುಲಭ. ನಮ್ಮ ಹುಡುಗ ಲೆಕ್ಕಪತ್ರದ ಕಚೇರಿಯಲ್ಲೋ ಬಟ್ಟೆ ಅಂಗಡಿಯಲ್ಲೋ ದುಡಿಯುತ್ತಾನೆ. ಅಲ್ಲಿ ಸಂಬಳ ಕೈಗೆ ಬರುತ್ತದೆ; ನೇಮಕಪತ್ರ ಬರುವುದಿಲ್ಲ.

ಅಮೆರಿಕದ ಹಾರ್ವರ್ಡಿನವರು ಸಮಾಜವಾದಿಗಳೇನೂ ಅಲ್ಲ. ಅವರೂ ಕಾಲೇಜಿನ ಕೊನೆಯ ವರ್ಷದವರಿಗೆ ಮೊದಲೇ ಸೀಟು ಕೊಟ್ಟು, ಕನಿಷ್ಠ ಎರಡು ವರ್ಷ ದುಡಿದು ಬನ್ನಿ ಎನ್ನುವ ಏರ್ಪಾಡು ಇಟ್ಟಿದ್ದಾರೆ. ಸೀಟು ಕೈಯಲ್ಲಿದ್ದರೆ ಬಡವನ ಮಗನೂ ಧೈರ್ಯವಾಗಿ ಕೆಲಸ ಹುಡುಕಬಲ್ಲ. ಜನರ ಜಮೀನಿನ ಮೇಲೆ ನಿಂತ ನಮ್ಮ ಸಂಸ್ಥೆಗೆ ಇದು ಅಸಾಧ್ಯವೇ?

ಮಕ್ಕಳನ್ನು ದುಡಿಸಬೇಕೆಂದು ನಾವು ಹೇಳುತ್ತಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗರನ್ನು ಸೋಮಾರಿಗಳೆಂದು ನಾವೂ ಗದರಿಸಿದ್ದೇವೆ. ಅವರು ನಸುಕಿನಲ್ಲೇ ಎದ್ದು ಹಾಲು ಹಾಕಿ ಬಂದವರೆಂದು ತಿಳಿದದ್ದು ಆಮೇಲೆ. ನಾವು ಮಾಡಿದ ಆ ತಪ್ಪನ್ನೇ ಈಗ ಈ ದೊಡ್ಡ ಸಂಸ್ಥೆಗಳೂ ಮಾಡುತ್ತಿವೆ.

ನಮ್ಮ ಬೇಡಿಕೆ ಮೂರು. ಪದವಿಗೆ ಮೊದಲಿನ ದುಡಿಮೆಯನ್ನೂ ಅರ್ಜಿಯಲ್ಲಿ ದಾಖಲು ಮಾಡಿ ಪರಿಗಣಿಸಬೇಕು. ಶಾಲೆಯ ಮುಖ್ಯೋಪಾಧ್ಯಾಯರೋ ಕಾರ್ಮಿಕ ಸಂಘವೋ ವರ್ತಕರ ಸಂಘವೋ ಅದಕ್ಕೆ ಸಾಕ್ಷಿ ಹೇಳಲಿ. ಹಾಗೆ ದುಡಿದವರ ಹತ್ತನೆಯ ತರಗತಿಯ ಅಂಕವನ್ನು ಅವರ ಕುತ್ತಿಗೆಗೆ ಕಟ್ಟಬಾರದು. ಅನುಭವವೇ ಬೇಕೆಂದರೆ ಮೊದಲು ಸೀಟು ಕೊಟ್ಟು ಆಮೇಲೆ ದುಡಿದು ಬರಲು ಹೇಳಬೇಕು.

ಹುಡುಗರಿಗೂ ಹುಡುಗಿಯರಿಗೂ ಒಂದು ಮಾತು. ಆ ಸೊನ್ನೆಗೆ ಹೆದರಿ ಹಿಂದೆ ಸರಿಯಬೇಡಿ. ಕೊನೆಯ ವರ್ಷದಲ್ಲಿರುವವರೂ ಕ್ಯಾಟ್ ಬರೆಯಬಹುದು. ಪದವಿಯಲ್ಲಿ ಶೇಕಡ 50, ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಶೇಕಡ 45 ಅಂಕ ಸಾಕು. ಕೆಲಸಕ್ಕೇ ಸೇರದ ಹೊಸ ಪದವೀಧರರು ಪ್ರತಿ ವರ್ಷ ಒಳಗೆ ಹೋಗುತ್ತಲೇ ಇದ್ದಾರೆ. ದುಡ್ಡು ಕೊಟ್ಟು ಸುಳ್ಳು ಅನುಭವಪತ್ರ ಮಾಡಿಸಬೇಡಿ. ನಿಮ್ಮಲ್ಲಿ ನಿಜವಾದದ್ದೇ ಇದೆ. ಸಂದರ್ಶನದಲ್ಲಿ "ನಿನಗೆ ಅನುಭವವಿಲ್ಲವಲ್ಲ" ಎಂದು ಕೇಳಿದರೆ ತಲೆ ತಗ್ಗಿಸದೆ ಉದ್ರಿ ಪುಸ್ತಕದ ಕತೆ ಹೇಳಿ. ಸೊನ್ನೆ ಇರುವುದು ಅವರ ಅರ್ಜಿಯಲ್ಲಿ, ನಿಮ್ಮ ಕೈಯಲ್ಲಲ್ಲ.