ಊರವರ ಮೆಚ್ಚುಗೆಯೂ ಒಂದು ಆಕರ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯಮಾರ್ಗವನ್ನು ಬಿಟ್ಟು ಕವಲೊಡೆಯುವ ರೈಲುದಾರಿ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಕೆಲಸದ ದಿನಗಳಲ್ಲಿ ನಸುಕಿಗೇ ಇಲ್ಲಿಂದ ಹೊರಡುವ ರೈಲುಗಳು ಸಾವಿರಾರು ಜನರನ್ನು ಬೆಂಗಳೂರಿನ ಕಾರ್ಖಾನೆ, ಕಚೇರಿ, ಅಂಗಡಿಗಳಿಗೆ ಹೊತ್ತೊಯ್ದು ರಾತ್ರಿ ಮರಳಿ ತರುತ್ತವೆ. ರಜೆಯ ದಿನ ಈ ಓಡಾಟ ತಿರುವುಮುರುವಾಗುತ್ತದೆ. ಗಣಿ ಮುಚ್ಚಿದ ಮೇಲೆ ಬೆಂಗಳೂರಿನಲ್ಲಿ ನೆಲೆನಿಂತವರು ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ತಮಗೆ ಚೆನ್ನಾಗಿ ಗೊತ್ತಿರುವ ಊರನ್ನು ನೋಡಲು ಬರುತ್ತಾರೆ.

ಇಂಥ ಕುಟುಂಬಗಳ ಒಂದು ದಿನದ ಪ್ರವಾಸಕ್ಕೆ ಈಗ ಬಹುಮಟ್ಟಿಗೆ ನಿಶ್ಚಿತವಾದ ಕ್ರಮವೊಂದು ಏರ್ಪಟ್ಟಿದೆ. ಬೆಳಿಗ್ಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರ. ಮಧ್ಯಾಹ್ನ ಗಣಿಯ ಬೂದುಬಣ್ಣದ ಸೈನೈಡ್ ದಿಬ್ಬಗಳು. ಸಂಜೆ ಬಂಗಾರಪೇಟೆಯ ಪಾನಿಪುರಿ. ಮೊದಲನೆಯದನ್ನು ಭಕ್ತಿ ಮತ್ತು ಪ್ರವಾಸೋದ್ಯಮ ಸೇರಿ ಆರಿಸಿವೆ. ಎರಡನೆಯದನ್ನು 2018ರಲ್ಲಿಯೂ 2022ರಲ್ಲಿಯೂ ತೆರೆಕಂಡ ಚಲನಚಿತ್ರದ ಎರಡು ಭಾಗಗಳು ಆರಿಸಿವೆ. ಮೂರನೆಯದನ್ನು ಮಾತ್ರ ಊರವರೇ ಆರಿಸಿದ್ದಾರೆ. ವಿದ್ವಾಂಸರು ಗಮನಿಸದೆ ಬಿಡುವುದೂ ಅದನ್ನೇ. ಊರೊಂದರ ಜನ ತಲೆತಲಾಂತರದಿಂದ ಮೆಚ್ಚಿಕೊಂಡು ಬಂದ ತಿನಿಸು, ಅಂಗಡಿ, ಕಟ್ಟೆ, ತಿರುವು ಇವೆಲ್ಲ ಶಾಸನದಂತೆ, ಕಡತದಂತೆ ಚರಿತ್ರೆಯ ಆಕರಗಳೇ. ಕೋಲಾರ ಚಿನ್ನದ ಗಣಿಯಂಥ ಊರಿನಲ್ಲಿ ಈ ಮಾತಿಗೆ ಅವಸರದ ಮಹತ್ವವಿದೆ.

ಪಾನಿಪುರಿಯಿಂದಲೇ ತೊಡಗಬಹುದು. ಬೇರೆಡೆಗಳಲ್ಲಿ ಪುದೀನ ಕೊತ್ತಂಬರಿಯಿಂದ ಹಸಿರಾಗಿಯೋ ಹುಣಸೆಯಿಂದ ಕಂದಾಗಿಯೋ ಇರುವ ಪಾನಿ ಬಂಗಾರಪೇಟೆಯಲ್ಲಿ ತಿಳಿಯಾಗಿರುತ್ತದೆ. ಲೋಟದಲ್ಲಿಟ್ಟರೆ ಕುಡಿಯುವ ನೀರೆಂದೇ ಭ್ರಮೆ. ಹೊಸಬರು ಮೊದಲ ಸಲ "ಅಣ್ಣಾ, ಇದು ಬರೀ ನೀರಲ್ವಾ?" ಎಂದು ಕೇಳುವುದೂ, ತಳ್ಳುಗಾಡಿಯವನು "ಕುಡಿದು ನೋಡಮ್ಮಾ" ಎಂದು ನಗುವುದೂ, ಮರುಕ್ಷಣ ಕೇಳಿದವರ ಕಣ್ಣಲ್ಲಿ ನೀರೂರುವುದೂ ಅಲ್ಲಿ ಪ್ರತಿಸಂಜೆಯ ನೋಟ. ಬಣ್ಣವಿಲ್ಲದ ಈ ಖಾರವೇ ಊರಿನ ಗುರುತಾಗಿಬಿಟ್ಟಿದೆ. ಬೆಂಗಳೂರಿನ ಬಡಾವಣೆಗಳಲ್ಲಿ 'ಬಂಗಾರಪೇಟೆ ಚಾಟ್ಸ್' ಎಂಬ ಫಲಕಗಳು ಸಾಲುಗಟ್ಟಿವೆ. ಬಂಗಾರಪೇಟೆಯನ್ನು ಕಣ್ಣಾರೆ ಕಾಣದ ಎಷ್ಟೋ ಜನಕ್ಕೆ ಆ ಹೆಸರು ಊರಿನ ಹೆಸರಲ್ಲ, ರುಚಿಯ ಹೆಸರು.

ಹೀಗಾಗಿ ರಜೆಯಲ್ಲಿ ಬರುವ ಕುಟುಂಬ 'ಅಸಲಿ' ಪಾನಿಪುರಿ ಯಾವ ಗಾಡಿಯದು ಎಂದು ಹುಡುಕತೊಡಗುತ್ತದೆ. ಗ್ರಂಥಸಂಪಾದನೆಯನ್ನು ಓದಿದ ವಿದ್ಯಾರ್ಥಿಗೆ ಈ ಹುಡುಕಾಟ ಅಪರಿಚಿತವಲ್ಲ. ಮೂಲಪ್ರತಿ ಎಲ್ಲಿದೆ? ಬಸ್ ನಿಲ್ದಾಣದ ಬಳಿ ಇಳಿದು ವಿಚಾರಿಸಿದರೆ ಒಬ್ಬೊಬ್ಬರೂ ಒಂದೊಂದು ಗಾಡಿಯತ್ತ ಕೈತೋರುತ್ತಾರೆ. ತೋರಿದವರೆಲ್ಲರಿಗೂ ತಮ್ಮದೇ ಮೂಲವೆಂಬ ನಿಶ್ಚಯ. ಪ್ರತಿಯೊಂದು ಗಾಡಿಯೂ ಒಂದು ಪಾಠಾಂತರ. ಪಂಪನ ಕಾವ್ಯವನ್ನು ಸಂಪಾದಿಸುವವನು ಪ್ರತಿಗಳನ್ನು ತೂಗಿ ಕವಿಪಾಠದ ಸಮೀಪಕ್ಕೆ ಹೋಗಲು ಯತ್ನಿಸುತ್ತಾನೆ. ಇಲ್ಲಿ ಕವಿಯೂ ಇಲ್ಲ, ಕವಿಪಾಠವೂ ಇಲ್ಲ. ಇರುವುದು ಓದುಗರ ಒಲವು ಮಾತ್ರ. ಯಾವ ಮನೆತನ ಯಾವ ಗಾಡಿಯ ಪಕ್ಷ, ಎಂದಿನಿಂದ, ಯಾಕೆ ಎಂಬ ಪ್ರಶ್ನೆಯೇ ಇಲ್ಲಿ ಉಪಯುಕ್ತವಾದದ್ದು. ಉತ್ತರ ಹೇಳುವವರು ರುಚಿಯನ್ನು ಕುರಿತು ಎರಡು ಮಾತಾಡಿ, ಅಪ್ಪನ ಸಂಬಳದ ದಿನ, ಶಾಲೆ ಬಿಟ್ಟ ಹೊತ್ತು, ತಪ್ಪಿಹೋದ ರೈಲು ಇವುಗಳತ್ತ ತಿರುಗುತ್ತಾರೆ. ಆಕರ ಅಲ್ಲಿದೆ.

ಪಾನಿಪುರಿ ಉತ್ತರದ ತಿನಿಸು, ಅದರಲ್ಲಿ ಸ್ಥಳೀಯವೇನು ಬಂತು ಎಂಬ ಆಕ್ಷೇಪಕ್ಕೆ ಊರಿನ ಹೆಸರೇ ಸಮಾಧಾನ ಹೇಳುತ್ತದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು, ಎಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು, ತೆರೆದವರಿಗೆ ಈ ತಾಲ್ಲೂಕು 'ಬೌರಿಂಗ್‌ಪೇಟೆ' ಎಂದು ಕಾಣುತ್ತದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರದು. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಬಂದ ಮೇಲೆ ಬೆಳೆದ ಪೇಟೆ ಅದು. ಬೌರಿಂಗ್ ಎಂಬ ಪರಭಾಷೆಯ ಧ್ವನಿ, ಸಮೀಪದಲ್ಲೇ ಚಿನ್ನ ತೆಗೆಯುತ್ತಿದ್ದ ಜನರ ನಾಲಗೆಯಲ್ಲಿ ಬಂಗಾರವಾಗಿ ಕುಳಿತುಬಿಟ್ಟಿತು. ಸಾಹೇಬನ ಹೆಸರನ್ನು ತಮ್ಮದಾಗಿಸಿಕೊಂಡ ನಾಲಗೆಗೆ ಉತ್ತರದ ಪುರಿಯನ್ನು ತಮ್ಮದಾಗಿಸಿಕೊಳ್ಳುವುದು ಎಷ್ಟರ ಮಾತು? ಸ್ಥಳೀಯತೆ ಎಂಬುದು ಹುಟ್ಟಿನಿಂದ ಬಂದದ್ದೇ ಆಗಬೇಕಿಲ್ಲ.

ತಿನಿಸು ವಿದ್ವತ್ತಿನ ವಿಷಯವಲ್ಲ ಎಂಬ ಸಂಕೋಚವಂತೂ ಕನ್ನಡ ವಿಭಾಗಗಳಿಗೆ ಸಲ್ಲದು. 1025ರ ಸುಮಾರಿನ 'ಲೋಕೋಪಕಾರ'ದಲ್ಲಿ ಚಾವುಂಡರಾಯ (ಗೊಮ್ಮಟನನ್ನು ಕಡೆಯಿಸಿದವನಲ್ಲ, ಚಾಲುಕ್ಯರ ಕಾಲದ ಇನ್ನೊಬ್ಬ) ನೆಲದಡಿಯ ನೀರಿನ ಸೆಲೆಯನ್ನು ಗುರುತಿಸುವ ವಿದ್ಯೆಯ ಜೊತೆಯಲ್ಲೇ ಅಡುಗೆಯ ವಿದ್ಯೆಗೂ ಸ್ಥಾನ ಕೊಟ್ಟಿದ್ದಾನೆ. 16ನೆಯ ಶತಮಾನದ ಜೈನಕವಿ ಮೂರನೆಯ ಮಂಗರಸ 'ಸಮ್ಯಕ್ತ್ವ ಕೌಮುದಿ', 'ಜಯನೃಪ ಕಾವ್ಯ'ಗಳನ್ನು ಬರೆದ ಕೈಯಿಂದಲೇ 'ಸೂಪಶಾಸ್ತ್ರ'ವನ್ನೂ ಬರೆದ. ಹಿಟ್ಟಿನ ತಿನಿಸುಗಳು, ಪಾನಕಗಳು, ಬದನೆಯ ಬಗೆಬಗೆಯ ಪಾಕಗಳು ವಾರ್ಧಕ ಷಟ್ಪದಿಗೆ ಅನರ್ಹವೆಂದು ಅವನಿಗೆ ತೋರಲಿಲ್ಲ. ಅವನ ಕಾಲದ ಅಡುಗೆಮನೆಯನ್ನು ಕುರಿತು ಇಂದು ಏನನ್ನಾದರೂ ಹೇಳಲು ಸಾಧ್ಯವಾಗಿದ್ದರೆ ಅದು ಈ ಸಂಕೋಚಹೀನತೆಯ ಫಲ. ಮಂಗರಸನನ್ನು ಪಠ್ಯವಾಗಿ ಓದುವ ವಿದ್ಯಾರ್ಥಿ ಸಂಜೆ ಗಾಡಿಯ ಮುಂದೆ ನಿಂತಾಗ ಅದನ್ನು ಕೇವಲ ಬಾಯಿಚಪಲವೆಂದು ಭಾವಿಸುವುದು ವಿಚಿತ್ರ.

ಬಂಗಾರಪೇಟೆಯಿಂದ ಚಿನ್ನದ ಗಣಿಯೊಳಕ್ಕೆ ಹೋದರೆ ಮಾತು ಗಂಭೀರವಾಗುತ್ತದೆ. ಜಾನ್ ಟೇಲರ್ ಕಂಪನಿಯ ಕೈಯಲ್ಲಿ 19ನೆಯ ಶತಮಾನದ ಕೊನೆಗೆ ಕುದುರಿದ ಈ ಗಣಿಗಳು ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಆಳ ಇಳಿದವು. ನೂರಿಪ್ಪತ್ತು ವರ್ಷಗಳಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್ ಎಂಬುದು ಲೆಕ್ಕ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ತಲುಪಿದ್ದು ಇಲ್ಲಿಗೆ, ಬೆಂಗಳೂರಿಗಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಇವೆಲ್ಲ ಎಲ್ಲರೂ ಹೇಳುವ ಸಂಗತಿಗಳು. ಪ್ರವಾಸಿಗಳ ಕೈಪಿಡಿಗಳಲ್ಲಿಯೂ ಇವೆ. ಆ ಆಳಕ್ಕಿಳಿದು ಮೇಲೆ ಬಂದವನು ಪಾಳಿ ಮುಗಿಸಿ ಎಲ್ಲಿ ಚಹಾ ಕುಡಿಯುತ್ತಿದ್ದ, ಸಂಬಳದ ದಿನ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಮನೆಗೆ ಏನು ಕೊಳ್ಳುತ್ತಿದ್ದ, ಲೈನುಮನೆಯ ಒಲೆಯ ಮೇಲೆ ಭಾನುವಾರ ಏನು ಬೇಯುತ್ತಿತ್ತು ಎಂಬುದು ಅವುಗಳಲ್ಲಿಲ್ಲ. ಅದನ್ನು ಹೇಳಬಲ್ಲವರು ಗಣಿ ಮುಚ್ಚಿದಾಗ ನಡುವಯಸ್ಸಿನಲ್ಲಿದ್ದವರು. ಅವರೀಗ ಅಜ್ಜಂದಿರು. ಕಾರಿನ ಹಿಂಬದಿಯ ಸೀಟಿನಲ್ಲಿ ಮೊಮ್ಮಕ್ಕಳ ನಡುವೆ ಕುಳಿತು ಬರುತ್ತಿರುವವರು ಅವರೇ.

ಆಂಗ್ಲೋ ಇಂಡಿಯನ್ ಸಮುದಾಯ ಈ ವಿಷಯದಲ್ಲಿ ಮುಂದಾಲೋಚನೆ ತೋರಿದೆ. ಇಲ್ಲಿಯ ಮಗಳಾದ ಬ್ರಿಜೆಟ್ ವೈಟ್ ಕುಮಾರ್ ಊರಿನ ನೆನಪುಗಳನ್ನು ಒಂದು ಪುಸ್ತಕವಾಗಿಯೂ ತಮ್ಮವರ ಅಡುಗೆಯನ್ನು ಹಲವು ಪುಸ್ತಕಗಳಾಗಿಯೂ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ತಮಿಳಿನಲ್ಲಿ ಈ ಊರಿಗೆ ಇನ್ನೂ ದೊಡ್ಡ ಸ್ಥಾನವಿದೆ: ಪಂಡಿತ ಅಯೋತಿದಾಸರ ಬೌದ್ಧಚಿಂತನೆಗೆ ಬಲವಾದ ನೆಲೆ ಸಿಕ್ಕಿದ್ದು ಇಲ್ಲಿಯ ಕಾರ್ಮಿಕರ ನಡುವೆ, ಅವರ ಬರಹಗಳನ್ನು ಪುಸ್ತಕಗಳಾಗಿ ಉಳಿಸಿದ್ದರಲ್ಲಿ ಇಲ್ಲಿಯ ಸಿದ್ಧಾರ್ಥ ಪ್ರಕಟನಾಲಯದ ಪಾತ್ರ ದೊಡ್ಡದು. ಜಾನಕಿ ನಾಯರ್ ಅವರ 1998ರ ಅಧ್ಯಯನವೂ ಗಣಿಕಾರ್ಮಿಕರ ಬದುಕನ್ನು ಇಂಗ್ಲಿಷಿನಲ್ಲಿಯೇ ತೆರೆದಿಟ್ಟಿತು. ಕನ್ನಡದ ಪಾಲು? ಚಿನ್ನದ ಗಣಿ ಎಂದೊಡನೆ ಕನ್ನಡದ ಸಾಮಾನ್ಯ ಓದುಗನಿಗೆ ಇಂದು ನೆನಪಾಗುವುದು ನರಾಚಿ ಎಂಬ ಕಲ್ಪಿತ ಗಣಿ. ಸಿನಿಮಾ ತನ್ನ ಕೆಲಸ ಮಾಡಿದೆ. ಅದನ್ನು ದೂರಿ ಫಲವಿಲ್ಲ. ಕಲ್ಪನೆಗೆ ಎದುರಾಗಿ ನಿಲ್ಲಬಲ್ಲ ವಾಸ್ತವದ ವಿವರಗಳನ್ನು ಕನ್ನಡ ಸಾಕಷ್ಟು ಸಂಗ್ರಹಿಸಲಿಲ್ಲ ಎಂಬುದೇ ಚಿಂತೆಯ ವಿಷಯ.

ಇದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. 'ಅದು ತಮಿಳರ ಊರು' ಎಂಬ ತೀರ್ಮಾನ ಕನ್ನಡದ ವಿದ್ವದ್ವಲಯದಲ್ಲಿ ಬಹುಕಾಲದಿಂದ ಕುಳಿತಿದೆ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಕಾರ್ಮಿಕರು, ಅವರಲ್ಲಿ ಬಹುಪಾಲು ದಲಿತರು, ಈ ಊರನ್ನು ಕಟ್ಟಿದರು ಎಂಬುದು ನಿಜ. ಆದರೆ ಅದೇ ವಿದ್ವಾಂಸರು ಕೋಲಾರಮ್ಮನ ಗುಡಿಯ ಚೋಳರ ತಮಿಳು ಶಾಸನಗಳನ್ನು ಕರ್ನಾಟಕದ ಇತಿಹಾಸದ ಆಕರಗಳೆಂದು ನಿಸ್ಸಂಕೋಚವಾಗಿ ಬಳಸುತ್ತಾರೆ. ಗಂಗರು 'ಕುವಳಾಲಪುರವರೇಶ್ವರ'ರೆಂದು ಕರೆದುಕೊಂಡ ನೆಲದಲ್ಲಿ ಕನ್ನಡ, ತಮಿಳು, ತೆಲುಗು ಸಂಸ್ಕೃತಗಳು ಕಲ್ಲಿನ ಮೇಲೆ ಒಟ್ಟಿಗೇ ಬಾಳಿವೆ. ಹನ್ನೊಂದನೆಯ ಶತಮಾನದ ರಾಜನ ತಮಿಳು ಆಕರವಾಗುವುದಾದರೆ, ಇಪ್ಪತ್ತನೆಯ ಶತಮಾನದ ಗಣಿಕಾರ್ಮಿಕನ ತಮಿಳು ಯಾಕಾಗಬಾರದು? ಕಲ್ಲಿಗೆ ಸಲ್ಲುವ ಗೌರವ ಬಾಯಿಗೆ ಸಲ್ಲದೆ ಹೋದದ್ದಕ್ಕೆ ಭಾಷೆಗಿಂತ ಜಾತಿ, ವರ್ಗಗಳ ಕಾರಣ ಹೆಚ್ಚೆಂದು ಹೇಳದೆ ವಿಧಿಯಿಲ್ಲ.

ನೆನಪು ಸುಳ್ಳು ಹೇಳುತ್ತದೆ, ಬಾಲ್ಯದಲ್ಲಿ ತಿಂದದ್ದೆಲ್ಲ ಅಮೃತವೇ ಎಂಬ ಆಕ್ಷೇಪ ಉಳಿಯುತ್ತದೆ. ಸರಿಯೇ. ಶಾಸನದ ಪ್ರಶಸ್ತಿಭಾಗವೂ ಸುಳ್ಳು ಹೇಳುತ್ತದೆ. ಸಾಮಾನ್ಯ ಸಾಮಂತನೂ ಅಲ್ಲಿ ಸಮುದ್ರದವರೆಗೆ ಗೆದ್ದಿರುತ್ತಾನೆ. ಪ್ರಶಸ್ತಿಯನ್ನು ಜರಡಿ ಹಿಡಿಯುವ ವಿಧಾನವನ್ನು ಶಾಸನಶಾಸ್ತ್ರ ರೂಪಿಸಿಕೊಂಡಿದೆ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸುವುದು, ಅಂಗಡಿ ಇದ್ದ ಜಾಗವನ್ನು ಕಾಲ್ನಡಿಗೆಯಲ್ಲಿ ಗುರುತಿಸುವುದು, ಹೊಗಳಿಕೆಯನ್ನು ಬದಿಗಿಟ್ಟು ಬೆಲೆ, ಹೊತ್ತು, ಪಾಳಿಗಳಂಥ ಸಣ್ಣ ವಿವರಗಳನ್ನು ಹಿಡಿಯುವುದು ಇಲ್ಲಿಯೂ ಸಾಧ್ಯ. ಯಾರೂ ಹೆಮ್ಮೆಗಾಗಿ ಚಹಾದ ಬೆಲೆಯನ್ನು ಕಲ್ಪಿಸಿ ಹೇಳುವುದಿಲ್ಲ.

ಕುಟುಂಬದ ಪ್ರವಾಸಕ್ಕೆ ಇಲ್ಲೊಂದು ಅನುಕೂಲವುಂಟು. ಅದು ಸಂಶೋಧಕನಿಗೆ ಒಂಟಿಯಾಗಿ ದೊರೆಯದು. ಧ್ವನಿಮುದ್ರಣ ಯಂತ್ರ ಹಿಡಿದು ಬಂದ ಅಪರಿಚಿತನ ಮುಂದೆ ಹಿರಿಯರು ಗಣಿಯ ಆಳ, ಚಿನ್ನದ ತೂಕ, ಕಲ್ಲು ಸಿಡಿದ ಅಪಘಾತಗಳನ್ನು ಹೇಳುತ್ತಾರೆ. ಅವನಿಗೆ ಬೇಕಾದದ್ದು ಅದೆಂದು ಅವರಿಗೆ ಗೊತ್ತು. ಮೊಮ್ಮಗಳು "ತಾತಾ, ನೀವು ಇಲ್ಲಿ ಏನು ತಿಂತಿದ್ರಿ?" ಎಂದರೆ ಕಾರು ನಿಲ್ಲುತ್ತದೆ. ತಾತ ಇಳಿಯುತ್ತಾರೆ. ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿಯವನಿರುತ್ತಾನೆ, ಅಥವಾ ಬೀಗ ಹಾಕಿದ ಬಾಗಿಲಿರುತ್ತದೆ, ಅಥವಾ ಅಚ್ಚರಿಯೆಂಬಂತೆ ಅದೇ ಅಂಗಡಿ, ಗಲ್ಲಾದ ಹಿಂದೆ ಅದೇ ಮೂಗಿನ ಇನ್ನೊಂದು ಮುಖವಿರುತ್ತದೆ. ಗಂಡಸರು ಮರೆತದ್ದನ್ನು ಅಜ್ಜಿಯರು ತಿದ್ದುತ್ತಾರೆ. ಗಣಿಗೆ ಹೋದವರು ಗಂಡಸರಾದರೂ, ಸಂಬಳದ ದುಡ್ಡು ಎಲ್ಲಿ ಹೇಗೆ ಕರಗಿತೆಂಬುದರ ಲೆಕ್ಕ ಬಹುತೇಕ ಅಜ್ಜಿಯರ ಬಳಿ ಇದೆ. ತಮಿಳು, ಕನ್ನಡ, ತೆಲುಗು, ಗಣಿಯ ಇಂಗ್ಲಿಷ್ ಎಲ್ಲ ಬೆರೆತ ಆ ಮಾತನ್ನು ಶುದ್ಧೀಕರಿಸದೆ ಬರೆದುಕೊಳ್ಳಬೇಕು; ಸ್ನಾತಕೋತ್ತರ ವಿದ್ಯಾರ್ಥಿಗಳು ಇಲ್ಲಿ ಹೆಚ್ಚಾಗಿ ಎಡವುತ್ತಾರೆ, ಶಿಷ್ಟ ಕನ್ನಡಕ್ಕೆ ತಿರುಗಿಸಿ ಅರ್ಧ ಸಾಕ್ಷ್ಯವನ್ನು ಅಳಿಸಿಬಿಡುತ್ತಾರೆ.

ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಕಾಲೇಜುಗಳಲ್ಲಿ ಕನ್ನಡ ಓದುವವರ ಪೈಕಿ ಅನೇಕರ ಮನೆಗಳಲ್ಲೇ ಇಂಥ ಅಜ್ಜ ಅಜ್ಜಿಯರಿದ್ದಾರೆ. ಕಿರುಸಂಶೋಧನೆಗೆ ವಿಷಯ ಕೇಳಿದಾಗ ಅವರಿಗೆ ದೂರದ ಕವಿಯೊಬ್ಬನ ಉಪಮಾಲಂಕಾರಗಳನ್ನು ಕೊಟ್ಟು ಕಳಿಸುವ ರೂಢಿ ಇನ್ನೂ ಇದೆ. ಬದಲಿಗೆ ಒಂದು ನೋಟುಪುಸ್ತಕ ಸಾಕು. ಪುಟದ ಮೇಲೆ ದಿನಾಂಕ. ಅದರ ಕೆಳಗೆ ಗಾಡಿ ಅಥವಾ ಅಂಗಡಿ ನಿಂತ ಜಾಗ, ಹತ್ತಿರದ ನಿಲ್ದಾಣ, ಅಂದಿನ ಬೆಲೆ, ಇಂದಿನ ಬೆಲೆ. ಅಲ್ಲಿಗೆ ಹೋಗೆಂದು ಹೇಳಿದವರ ವಯಸ್ಸು, ಅವರು ಇಳಿದಿದ್ದ ಶಾಫ್ಟು, ಹೇಳಿದ ಭಾಷೆ. ಸಂಜೆ ಬಂಗಾರಪೇಟೆಯ ಗಾಡಿಯ ಮುಂದೆ ನಿಂತಾಗ ಕೊನೆಯ ಪುಟದಲ್ಲಿ, ಆ ತಿಳಿನೀರನ್ನು ಯಾರ ಮನೆಯವರು ಮೊದಲು ತೋರಿಸಿದರೆಂಬುದು.