ಹೆಸರಿಟ್ಟವರದ್ದೇ ಹಿಮವಾ?

ಹುಬ್ಬಳ್ಳಿಯಿಂದ ವಾಸ್ಕೋ ರೈಲು ಹತ್ತಿದವರೆಲ್ಲ ದೂಧ್‌ಸಾಗರ ಬಂತಾ ಅಂತ ಬಾಗಿಲಿಗೆ ಬಂದು ನಿಲ್ತಾರೆ. ಅದೇ ಲೈನಿನ ಕೊನೆಯ ಊರಲ್ಲಿ, ಭಾರತದ ಅಂಟಾರ್ಕ್ಟಿಕಾ ಕೆಲಸವನ್ನೆಲ್ಲ ನೋಡಿಕೊಳ್ಳುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. 1981ರ ಡಿಸೆಂಬರ್‌ನಲ್ಲಿ ಎಸ್.ಝಡ್. ಖಾಸಿಂ ನೇತೃತ್ವದ ಮೊದಲ ತಂಡ ಹೊರಟಿದ್ದೂ ಗೋವಾದಿಂದಲೇ. ಅಂಟಾರ್ಕ್ಟಿಕಾ ನಮಗೆ ಅಂದುಕೊಂಡಷ್ಟು ದೂರ ಇಲ್ಲ.

ಅಲ್ಲಿ ನಮ್ಮ ಮೊದಲ ಠಾಣೆ ‘ದಕ್ಷಿಣ ಗಂಗೋತ್ರಿ’. ಅದು ಹಿಮದಲ್ಲಿ ಹೂತುಹೋಗುತ್ತಾ ಬಂತು. 1989ರಲ್ಲಿ ‘ಮೈತ್ರಿ’, 2012ರಲ್ಲಿ ‘ಭಾರತಿ’ ಬಂದವು. ಮೈತ್ರಿ ಇರುವ ಬಂಡೆಗಲ್ಲಿನ ಜಾಗದ ಹೆಸರು ಶಿರ್ಮಾಕರ್ ಓಯಸಿಸ್. ಶಿರ್ಮಾಕರ್ ಒಬ್ಬ ಜರ್ಮನ್ ಪೈಲಟ್. 1939ರಲ್ಲಿ ನಾಜಿ ಜರ್ಮನಿ ಕಳಿಸಿದ ತಂಡ ವಿಮಾನದಿಂದ ಸ್ವಸ್ತಿಕದ ಗುರುತಿನ ಈಟಿಗಳನ್ನು ಹಿಮಕ್ಕೆ ಎಸೆದು, ಆ ಸೀಮೆಗೆ ‘ಹೊಸ ಶ್ವಾಬಿಯಾ’ ಅಂತ ಹೆಸರಿಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ನಾರ್ವೆ ಅದೇ ಸೀಮೆ ತನ್ನದು ಅಂತ ಘೋಷಿಸಿಯಾಗಿತ್ತು, ತನ್ನ ರಾಣಿ ಮೋಡ್ ಹೆಸರಲ್ಲಿ. ಅಂದರೆ ನಮ್ಮ ‘ಮೈತ್ರಿ’ ನಿಂತಿರೋದು ಜರ್ಮನ್ ಪೈಲಟ್‌ನ ಓಯಸಿಸ್‌ನಲ್ಲಿ, ನಾರ್ವೆ ರಾಣಿಯ ನಾಡಲ್ಲಿ!

ಪಶ್ಚಿಮದ ಕಡೆಗಿರುವ ಪರ್ಯಾಯ ದ್ವೀಪದ ಕಥೆ ಇನ್ನೂ ಮಜಾ. ಬ್ರಿಟನ್ ಅದನ್ನು ಗ್ರಹಾಂ ಲ್ಯಾಂಡ್ ಅಂತಿತ್ತು, ಅಮೆರಿಕ ಪಾಮರ್ ಅಂತಿತ್ತು. ಚಿಲಿಗೆ ಅದು ಓ’ಹಿಗಿನ್ಸ್ ನಾಡು, ಅರ್ಜೆಂಟೀನಾಗೆ ಸಾನ್ ಮಾರ್ಟಿನ್ ನಾಡು. 1964ರಲ್ಲಿ ಇಂಗ್ಲಿಷಿನವರು ರಾಜಿ ಮಾಡಿಕೊಂಡರು: ಇಡೀ ತುಂಡಿಗೆ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪ, ಉತ್ತರಾರ್ಧ ಗ್ರಹಾಂ, ದಕ್ಷಿಣಾರ್ಧ ಪಾಮರ್. ಇವತ್ತಿಗೂ ಅಂಟಾರ್ಕ್ಟಿಕಾಕ್ಕೆ ಹೆಸರಿಡುವ ಒಂದೇ ಪ್ರಾಧಿಕಾರ ಇಲ್ಲ. ದೇಶಗಳು ಕೊಟ್ಟ ಹೆಸರನ್ನೆಲ್ಲ ಒಂದು ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸ್ತಾರೆ ಅಷ್ಟೇ. ಒಂದೇ ಗುಡ್ಡ, ನಾಲ್ಕು ಎಂಟ್ರಿ. ಎಂಜಿನಿಯರಿಂಗ್‌ನಲ್ಲಿ ನಾನು ಇಂಥ ಡೇಟಾಬೇಸ್ ಮಾಡಿದ್ದರೆ ವೈವಾದಲ್ಲೇ ಎಬ್ಬಿಸಿ ಕಳಿಸ್ತಿದ್ದರು.

ಇದು ಬರೀ ಹೆಸರಿನ ಜಗಳ ಅಲ್ಲ. ಹೆಸರು ಅಂದರೆ ‘ನಾವಿಲ್ಲಿ ಮೊದಲು ಬಂದ್ವಿ’ ಅನ್ನೋ ರಸೀದಿ. ಅರುಣಾಚಲದ ಊರು-ಬೆಟ್ಟಗಳಿಗೆ ಚೀನಾ 2017ರಿಂದ ತನ್ನ ಹೆಸರುಗಳ ಪಟ್ಟಿ ಬಿಡುಗಡೆ ಮಾಡ್ತಾ ಬಂದಿರೋದು ಇದೇ ಲೆಕ್ಕದಲ್ಲಿ. ಹೆಸರಿಟ್ಟ ಮಾತ್ರಕ್ಕೆ ವಾಸ್ತವ ಬದಲಾಗಲ್ಲ ಅಂತ ದೆಹಲಿ ಪ್ರತಿ ಸಲ ಹೇಳುತ್ತೆ. ಸರಿಯಾದ ಮಾತು. ಯಾಕಂದ್ರೆ ಅಲ್ಲಿ ಜನ ಇದ್ದಾರೆ, ಅವರದೇ ಹೆಸರುಗಳಿವೆ.

ನಮ್ಮೂರನ್ನೇ ನೋಡಿ. ಬ್ರಿಟಿಷರ ಕಡತದಲ್ಲಿ ‘ಹುಬ್ಳಿ’ ಆಗಿದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ ಹುಬ್ಬಳ್ಳಿ ಆಯ್ತು. ಜನರ ಬಾಯಲ್ಲಿ ಅದು ಯಾವತ್ತೂ ಹುಬ್ಬಳ್ಳಿನೇ. ಸರ್ಕಾರ ಮಾಡಿದ್ದು ಕಾಗದ ತಿದ್ದುವ ಕೆಲಸ.

ಅಂಟಾರ್ಕ್ಟಿಕಾದಲ್ಲಿ ಹಾಗೆ ಕೇಳೋಕೆ ಊರಿನ ಜನವೇ ಇಲ್ಲ. ಅಲ್ಲಿ ಮಾತಿನ ಹಕ್ಕು ಸಿಗೋದು ಕೆಲಸದಿಂದ. 1959ರ ಒಪ್ಪಂದ ಏಳು ದೇಶಗಳ ಒಡೆತನದ ವಾದವನ್ನು ಇದ್ದಲ್ಲೇ ತಡೆದು ನಿಲ್ಲಿಸಿತು; ಅಲ್ಲಿ ಗಣನೀಯ ಸಂಶೋಧನೆ ಮಾಡುವ ದೇಶಕ್ಕೆ ತೀರ್ಮಾನದಲ್ಲಿ ಮತ ಕೊಟ್ಟಿತು. ಅಂಟಾರ್ಕ್ಟಿಕಾ ಪ್ರಶ್ನೆಯನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಿ ಅಂತ 1956ರಲ್ಲೇ ಕೇಳಿದ್ದ ಭಾರತಕ್ಕೆ ಆ ಮತ ಸಿಕ್ಕಿದ್ದು 1983ರಲ್ಲಿ, ಎರಡು ತಂಡ ಹೋಗಿ ಬಂದ ಮೇಲೆ.

ಆ ಮತ ಯಾಕೆ ಮುಖ್ಯ? 1991ರ ಮ್ಯಾಡ್ರಿಡ್ ಪ್ರೋಟೋಕಾಲ್ ಅಲ್ಲಿ ಗಣಿಗಾರಿಕೆ ನಿಷೇಧಿಸಿದೆ. 2048ಕ್ಕೆ ಅದು ಮುಗಿಯುತ್ತೆ ಅನ್ನೋದು ತಪ್ಪು ಮಾತು. ಆದರೆ ಆಮೇಲೆ ಮತ ಇರುವ ಯಾವ ದೇಶವಾದರೂ ಮರುಪರಿಶೀಲನೆ ಕೇಳಬಹುದು. ಬಳ್ಳಾರಿಯ ಗುಡ್ಡಗಳಿಗೆ ಏನಾಯ್ತು ಅಂತ ಕಂಡವರು ನಾವು. ಆ ದಿನ ಭಾರತ ಯಾವ ಕಡೆ ಕೈ ಎತ್ತಬೇಕು ಅಂತ ಈಗಿಂದಲೇ ಕೇಳಬೇಕು. ಇವತ್ತು ಕಾಲೇಜಲ್ಲಿರೋರಿಗೆ ಆಗ ನಲವತ್ತು ದಾಟಿರುತ್ತೆ. ಸಂಸತ್ತಲ್ಲಿ ಕೂತಿರೋದು ನಿಮ್ಮ ವಾರಗೆಯವರೇ.

‘ಮೈತ್ರಿ’ ಅಂತ ಹೆಸರಿಟ್ಟಾಗಿದೆ. ಆ ಹೆಸರಿಗೆ ತಕ್ಕ ಹಾಗೆ ನಡ್ಕೊಳ್ಳೋದು ಬಾಕಿ ಐತಿ.